ಹೆಲಿಕಾಪ್ಟರ್ ಪದಕ್ಕೆ ಅರ್ಥ ಹೇಳಲು ಹೋಗಿ

ಮೇಷ್ಟರ ಕೆಲಸದಲ್ಲಿ ಇರುವವರಿಗೆ ಒಂದು ಕಾಯಿಲೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಬಾಯಿ ಬರುವುದಿಲ್ಲ, ಗೊತ್ತಿರುವುದನ್ನು ಅಷ್ಟಕ್ಕೇ ನಿಲ್ಲಿಸಲೂ ಬರುವುದಿಲ್ಲ. ಹಾಗಾಗಿ ನಮ್ಮ ಪಾಡಿಗೆ ನಾವಿದ್ದರೂ ಫಜೀತಿಗಳು ವಿಳಾಸ ಕೇಳಿಕೊಂಡು ಬರುತ್ತವೆ. ಐವತ್ತರ ದಶಕದ ಕೊನೆಯಲ್ಲಿ ನಾನು ಹೊಸನಗರದಲ್ಲಿ ಹೈಸ್ಕೂಲು ಮೇಷ್ಟರಾಗಿದ್ದಾಗ, ಹೆಲಿಕಾಪ್ಟರ್ ಎಂಬ ಒಂದೇ ಒಂದು ಪದ ನನ್ನ ಮದುವೆಯನ್ನೇ ಮುರಿಯುವ ಮಟ್ಟಕ್ಕೆ ಬಂದಿತ್ತು.

ಹೊಸನಗರದ ಚಕ್ಕುಲಿ

ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಸಂಜೆ ಪೇಪರ್ ಓದುವುದು ನಮ್ಮ ರೂಢಿ. ಶರಾವತಿ ಕಣಿವೆ ನೋಡಲು ದೊಡ್ಡ ಅಧಿಕಾರಿಯೊಬ್ಬರು ಹೆಲಿಕಾಪ್ಟರಿನಲ್ಲಿ ಸಾಗರಕ್ಕೆ ಬರುತ್ತಾರೆ ಎಂದು ಸುದ್ದಿ ಬಂತು.

"ಹಂಗಂದ್ರೆ ಎಂತ ಮೇಷ್ಟ್ರೇ?" ಎಂದು ಹೋಟೆಲಿನವರು ಗಲ್ಲಾದಿಂದಲೇ ಕೇಳಿದರು.

ಹಿಂದಿನ ದಿನವಷ್ಟೇ ಶಾಲೆಯ ದಪ್ಪ ಡಿಕ್ಷನರಿಯಲ್ಲಿ ಇದೇ ಪದ ನೋಡಿದ್ದೆ. ಇನ್ನು ಕೇಳಬೇಕೇ? ಎದ್ದು ನಿಂತೆ. "ಎಲ್ಲರೂ ಇದನ್ನು ಹೆಲಿ, ಕಾಪ್ಟರ್ ಅಂತ ಒಡೀತಾರೆ. ತಪ್ಪು. ಹೆಲಿಕೊ, ಪ್ಟರ್ ಅಂತ ಒಡೀಬೇಕು. ಫ್ರೆಂಚರು ಗ್ರೀಕ್ ಭಾಷೆಯಿಂದ ತೆಗೆದು ಕಟ್ಟಿದ ಪದ ಇದು. ಹೆಲಿಕ್ಸ್ ಅಂದ್ರೆ ಸುರುಳಿ. ಪ್ಟೆರಾನ್ ಅಂದ್ರೆ ರೆಕ್ಕೆ."

ಯಾರ ಮುಖದಲ್ಲೂ ಬೆಳಕು ಕಾಣಲಿಲ್ಲ. ಗಾಜಿನ ಭರಣಿಯಿಂದ ಒಂದು ಚಕ್ಕುಲಿ ತೆಗೆದೆ. "ನೋಡಿ, ಇದು ಸುರುಳಿ. ಇದನ್ನು ನಡುವೆ ಹಿಡಿದು ಹೀಗೆ ಮೇಲಕ್ಕೆ ಎಳೆದರೆ ಹೆಲಿಕ್ಸ್" ಎಂದು ಎಳೆದೆ. ಚಕ್ಕುಲಿ ಪಟಪಟನೆ ಮುರಿದು ಮೇಜಿನ ತುಂಬಾ ಬಿತ್ತು.

ಹೋಟೆಲಿನವರು ಶಾಂತವಾಗಿ ಹೇಳಿದರು: "ಮುರಿದ ವಿಮಾನ ನಾವು ವಾಪಸ್ ತಗಳದಿಲ್ಲ ಮೇಷ್ಟ್ರೇ."

ತೀರ್ಥಹಳ್ಳಿಯ ಪರೀಕ್ಷೆ

ಅದೇ ವಾರ ಹೆಣ್ಣು ನೋಡಲು ತೀರ್ಥಹಳ್ಳಿಗೆ ಹೋದೆ. ಹುಡುಗಿಯ ತಂದೆ ಅಕ್ಕಿ ಗಿರಣಿಯ ಯಜಮಾನರು. ಮನೆಯೊಳಗೂ ಜರಿಪೇಟ ತೆಗೆಯದ ಮನುಷ್ಯ. ನನ್ನ ಚಕ್ಕುಲಿಯ ಕಥೆ ಬಸ್ಸಿನಲ್ಲಿ ನನಗಿಂತ ಮುಂಚೆ ಅಲ್ಲಿಗೆ ತಲುಪಿತ್ತು.

"ಹುಡುಗಿ ಹಾಡೋದು ಆಮೇಲೆ ಆಯ್ತು. ಮೊದಲು ನೀವು ಹೆಲಿಕಾಪ್ಟರಿನ ಅರ್ಥ ಹೇಳಿ" ಎಂದರು.

ಹೇಳಿದೆ. ಈ ಸಲ ಚಕ್ಕುಲಿ ಮುಟ್ಟಲಿಲ್ಲ. ಅವರಿಗೆ ಬಹಳ ಖುಷಿಯಾಯಿತು. "ಸಾಗರದ ಸ್ವಾಗತ ಸಮಿತಿಗೆ ನಮ್ಮ ಭಾವನವರೇ ಅಧ್ಯಕ್ಷರು. ಹೆಲಿಕಾಪ್ಟರ್ ಬರೋ ದಿವಸ ನೀವೇ ಈ ಮಾತು ಅಲ್ಲಿ ಹೇಳ್ಬೇಕು. ಊರು ಮೆಚ್ಚಿದ್ರೆ ನಾನೂ ಮೆಚ್ಚಿದ ಹಾಗೆ. ಲಗ್ನಪತ್ರಿಕೆಗೆ ಕೂತುಬಿಡೋಣ."

ಕಾಫಿ ತಂದ ಹುಡುಗಿ ಬಾಗಿಲ ಬಳಿ ನಿಂತು ಕೇಳಿದಳು: "ನಮ್ಮ ಗಿರಣೀಲಿ ಚಕ್ರ ತಿರುಗಿದ್ರೆ ಅಂಗಳದ ತುಂಬಾ ಹೊಟ್ಟು ಹಾರ್ತದೆ. ಅಷ್ಟು ದೊಡ್ಡ ರೆಕ್ಕೆ ತಿರುಗಿದ್ರೆ ಕೆಳಗೆ ನಿಂತವರ ಗತಿ ಎಂತ?"

ನನಗೆ ಗೊತ್ತಿರಲಿಲ್ಲ. ಆದರೆ ಅವಳ ಕಣ್ಣು ನೋಡಿದ ಮೇಲೆ ಗೊತ್ತಿಲ್ಲ ಎನ್ನುವುದಾದರೂ ಹೇಗೆ? ಗಂಭೀರವಾಗಿ, "ಅದನ್ನು ಗ್ರೀಕರು ಎಲ್ಲೂ ಹೇಳಿಲ್ಲ" ಎಂದೆ.

ಸಾಗರದ ಸ್ವಾಗತ

ನಮ್ಮ ಕಡೆ ದೊಡ್ಡವರು ಬಂದರೆ ಚಪ್ಪರ ಹಾಕಲೇಬೇಕು. ಹೆಲಿಕಾಪ್ಟರ್ ಇಳಿಯಲು ಮೈದಾನದಲ್ಲಿ ಸುಣ್ಣದಿಂದ ಒಂದು ದೊಡ್ಡ ವೃತ್ತ ಬರೆದಿದ್ದರು. ಚಪ್ಪರ ಎಷ್ಟು ದೂರದಲ್ಲಿ ಎಂದು ಚರ್ಚೆಯಾಯಿತು. "ಬಂದವರು ಬಿಸಿಲಲ್ಲಿ ನಡೆದ್ರೆ ಊರಿಗೆ ಮರ್ಯಾದೆಯಾ?" ಎಂದರು ಅಧ್ಯಕ್ಷರು. ಎಲ್ಲರೂ ನನ್ನ ಮುಖ ನೋಡಿದರು. "ಅದು ನೆಟ್ಟಗೆ ಇಳಿಯುವ ವಾಹನ. ಧಾರಾಳವಾಗಿ ಪಕ್ಕದಲ್ಲೇ ಹಾಕಿ" ಎಂದು ಅಪ್ಪಣೆ ಕೊಟ್ಟೆ. ವೃತ್ತಕ್ಕೆ ತಾಗಿಸಿಯೇ ಅಡಿಕೆ ಸೋಗೆಯ ಚಪ್ಪರ ಎದ್ದಿತು.

ಆ ದಿನ ಇಡೀ ಸಾಗರ ಅಲ್ಲಿತ್ತು. ಯಜಮಾನರು ಮುಂದಿನ ಕುರ್ಚಿಯಲ್ಲಿ ಜರಿಪೇಟ ಸರಿಮಾಡಿಕೊಳ್ಳುತ್ತ ಕೂತಿದ್ದರು. ಹುಡುಗಿ ಮಾತ್ರ ಚಪ್ಪರ ಬಿಟ್ಟು ದೂರದ ಶಾಲೆಯ ಜಗಲಿಯಲ್ಲಿ ನಿಂತಿದ್ದಳು. ಬಿಂಕ ಎಂದುಕೊಂಡೆ.

ಹೆಲಿಕಾಪ್ಟರ್ ತಲೆಯ ಮೇಲೆ ಸುತ್ತು ಹಾಕಿತು. ಪೈಲಟ್ ಕಿಟಕಿಯಿಂದ ಕೈ ಹೊರಗೆ ಹಾಕಿ, ದೂರ ಹೋಗಿ ಎಂದು ಬೀಸಿದ. ಎಷ್ಟು ಒಳ್ಳೆಯ ಮನುಷ್ಯ ಎಂದು ನಾವೂ ಕೈ ಬೀಸಿದೆವು. ಅವನು ಇನ್ನೂ ಜೋರಾಗಿ ಬೀಸಿದ. ನಾವು ಎರಡೂ ಕೈ ಬೀಸಿದೆವು.

ಇಳಿಯತೊಡಗಿತು. ನಾನು ಗಂಟಲು ಹರಿದುಕೊಂಡು, "ಮಹನೀಯರೇ, ಹೆಲಿಕ್ಸ್ ಎಂದರೆ ಸುರುಳಿ" ಎಂದದ್ದಷ್ಟೇ. ಗಾಳಿ ಬಂತು. ಸೋಗೆ, ಮಾವಿನ ತೋರಣ, ಹೂವಿನ ಹಾರ ಎಲ್ಲ ಇಕ್ಕೇರಿ ದಿಕ್ಕಿಗೆ ಹೊರಟವು. ಯಜಮಾನರ ಪೇಟ ತಲೆಯಿಂದ ಎದ್ದು, ಬಿಚ್ಚಿಕೊಳ್ಳುತ್ತ, ಸುತ್ತು ಸುತ್ತಾಗಿ ಆಕಾಶಕ್ಕೆ ಏರಿತು. ಹೆಲಿಕ್ಸಿಗೆ ಅಷ್ಟು ಚಂದದ ಉದಾಹರಣೆಯನ್ನು ನಾನು ಇವತ್ತಿನವರೆಗೂ ಕಂಡಿಲ್ಲ.

ನಾವೆಲ್ಲ ತಲೆಯ ಮೇಲೆ ಕೈಯಿಟ್ಟುಕೊಂಡು ನೆಲಕ್ಕೆ ಬೋರಲು ಬಿದ್ದೆವು. ಸದ್ದು ನಿಂತಿತು. ಅಧಿಕಾರಿ ಇಳಿದು ನೋಡುತ್ತಾರೆ, ಇಡೀ ಊರು ಸಾಷ್ಟಾಂಗ ಹಾಕಿದೆ! "ಏಳಿ, ಏಳಿ, ಇಷ್ಟೆಲ್ಲ ಯಾಕೆ? ನಾನೂ ನಿಮ್ಮ ಹಾಗೆ ಮನುಷ್ಯ" ಎಂದು ಕೈ ಮುಗಿದರು.

ಅಧ್ಯಕ್ಷರು ಬಾಯೊಳಗಿನ ಮಣ್ಣು ಉಗುಳಿ, "ಪರವಾಗಿಲ್ಲ ಸ್ವಾಮಿ, ನಮ್ಮೂರ ಪದ್ಧತಿಯೇ ಹೀಗೆ" ಎಂದರು.

ಮತ್ತೆ ಚಪ್ಪರ

ಯಜಮಾನರು ನನಗೆ ಬೆನ್ನು ಹಾಕಿ ಹೊರಟರು. ಬೋಳುತಲೆಯಲ್ಲೇ ಬಸ್ಸು ಹತ್ತಿದರು. ಕೆಲಸ ಕೆಟ್ಟಿತು ಎಂದುಕೊಂಡು ಹೊಸನಗರಕ್ಕೆ ಬಂದೆ. ಊಟ ಸೇರುತ್ತಿರಲಿಲ್ಲ. ನಿಜ ಹೇಳುತ್ತೇನೆ, ಆ ಹುಡುಗಿ ಕೇಳಿದ ಪ್ರಶ್ನೆಗಿಂತ, ಕೇಳಿದ ಹುಡುಗಿಯೇ ಮನಸ್ಸಿನಲ್ಲಿ ಕೂತಿದ್ದಳು.

ಕೆಲವು ದಿನಗಳಾದ ಮೇಲೆ ಹೊಸ ಪೇಟ ಸುತ್ತಿಕೊಂಡು ಯಜಮಾನರೇ ಶಾಲೆಗೆ ಬಂದರು. ನಾನು ತಡವರಿಸುತ್ತ, "ಗಾಳಿಯ ವಿಷಯ ನನಗೆ ಗೊತ್ತಿರಲಿಲ್ಲ" ಎಂದೆ.

ಅವರು ಜೋರಾಗಿ ನಕ್ಕರು. "ಗೊತ್ತಿಲ್ಲ ಅನ್ನೋ ಇದೊಂದು ಮಾತು ನಿಮ್ಮ ಬಾಯಲ್ಲಿ ಬಂದ್ರೆ ಒಪ್ಕೊಳ್ತೀನಿ ಅಂದಿದ್ದಾಳೆ ನಮ್ಮ ಹುಡುಗಿ. ಬಂತಲ್ಲ ಮಾರಾಯ್ರೇ!"

ಮದುವೆಯ ಹಿಂದಿನ ದಿನ ನಮ್ಮ ದಿಬ್ಬಣ ತೀರ್ಥಹಳ್ಳಿ ತಲುಪಿದಾಗ ಮಾವನವರು ಅಂಗಳದಲ್ಲಿ ನಿಂತು ಚಪ್ಪರದವರಿಗೆ ಕೂಗಿ ಹೇಳುತ್ತಿದ್ದರು:

"ನಾಲ್ಕೂ ಕಡೆ ಹಗ್ಗ ಬಿಗೀರಿ ಮಾರಾಯ್ರೇ! ಮಂತ್ರ ಹೇಳೋವಾಗ ಅಳಿಯಂದಿರು ಅರ್ಥ ಹೇಳೋಕೆ ಶುರು ಮಾಡಿದ್ರೆ ಕಷ್ಟ!"