ಭೂತದ ಬಂಗಲೆಯಲ್ಲಿ ಸಾಬೂನಿನ ವಾಸನೆ

ಓದದ ಪುಸ್ತಕದ ಬಗ್ಗೆ ನಿರರ್ಗಳವಾಗಿ ಮಾತಾಡುವುದು ಒಂದು ಕಲೆ. ಕಾನ್ವೆಂಟಿನಲ್ಲಿ ನನಗೆ ಪುಕ್ಕಟೆಯಾಗಿ ದಕ್ಕಿದ ವಿದ್ಯೆ ಅದೊಂದೇ (ಉಳಿದದ್ದಕ್ಕೆಲ್ಲ ಅಪ್ಪ ಫೀಸು ಕಟ್ಟಿದ್ದರು). ಹೀಗಾಗಿ ನಮ್ಮ ಬೀದಿಯ ಮಹಿಳಾ ಓದುಗರ ಬಳಗದ ಅಧ್ಯಕ್ಷೆ, ನಾವೆಲ್ಲ ದೊಡ್ಡ ಟೀಚರ್ ಎಂದು ಕರೆಯುವ ನಿವೃತ್ತ ಮುಖ್ಯೋಪಾಧ್ಯಾಯಿನಿ, "ನನಗೆ ಸಾಕಾಯ್ತಮ್ಮಾ. ಈ ಕಾದಂಬರಿಯ ಬಗ್ಗೆ ಯಾರು ಸರಿಯಾದ ಮಾತು ಹೇಳ್ತಾರೋ ಅವರಿಗೆ ನನ್ನ ಕುರ್ಚಿ" ಎಂದು ಘೋಷಿಸಿದಾಗ, ನಾನು ಮನಸ್ಸಿನಲ್ಲೇ ಆ ಕುರ್ಚಿಗೆ ಹೊಸ ದಿಂಬು ಹೊಲಿಸಿಬಿಟ್ಟೆ.

ಕಾದಂಬರಿ ವಿಕ್ಟೋರಿಯಾ ರಾಣಿಯ ಕಾಲದ್ದು. ಮಂಜು, ಸಾರೋಟು, ಹಳೇ ಬಂಗಲೆ, ಬಂಗಲೆಯಲ್ಲೊಂದು ಭೂತ. ಭೂತಕಾಲದ್ದೂ ಹೌದು, ಭೂತದ ಕಾಲದ್ದೂ ಹೌದು. ಕನ್ನಡಕ್ಕೆ ಬಂದ ಮೇಲೆ ಮೈ ಬಂದು ಇಟ್ಟಿಗೆಯಾಗಿತ್ತು. ಇದ್ದದ್ದು ಟೀಚರ್ ಅವರ ಒಂದೇ ಪ್ರತಿ. ಮನೆಯಿಂದ ಮನೆಗೆ ಸುತ್ತಿ ಕೊನೆಗೆ ನಮ್ಮನೆಗೆ ಬಂದಾಗ ಸಭೆಗೆ ವಾರವಷ್ಟೇ ಉಳಿದಿತ್ತು. ಸಭೆಯೂ ನಮ್ಮ ಮನೆಯಲ್ಲೇ.

ಮೊದಲು ಜಾಣತನ ಮಾಡಿ, ಓದಿ ಮುಗಿಸಿದವರು ಬಳಗದ ವಾಟ್ಸಾಪಿಗೆ ಹಾಕಿದ್ದ ಅಭಿಪ್ರಾಯಗಳನ್ನು ನೋಡಿದೆ. ನೋಡಿ ತಲೆ ಗಿರ್ರೆಂದಿತು. ಬೀದಿಗೆಲ್ಲ ರವಿಕೆ ಹೊಲಿದುಕೊಡುವ ಹೊಲಿಗೆಯಾಕೆ, "ಭಯಂಕರ! ಒಬ್ಬಳೇ ಬಚ್ಚಲಿಗೂ ಹೋಗಲಾರದೆ ಹೋದೆ" ಎಂದಿದ್ದಳು. ಮೂಲೆಮನೆ ಡಾಕ್ಟರಮ್ಮ, "ಅಪ್ಪಟ ಸಾಂಸಾರಿಕ ಕಥೆ, ಭಯವೇನಿಲ್ಲ" ಎಂದಿದ್ದರು. ಒಬ್ಬರಿಗೆ ನಡುವೆ ಎಳೆದಂತಾಗಿತ್ತಂತೆ, ಇನ್ನೊಬ್ಬರಿಗೆ ನಡುಭಾಗವೇ ಕಥೆಯ ಪ್ರಾಣವಂತೆ. "ರಟ್ಟು ಗಟ್ಟಿಯಾಗಿದೆ" ಎಂದವರೂ ಇದ್ದರು. (ಅಷ್ಟೂ ಜನರಲ್ಲಿ ಪ್ರಾಮಾಣಿಕರು ಅವರೊಬ್ಬರೇ ಎಂದು ಈಗ ಅನ್ನಿಸುತ್ತದೆ.)

ಆಗಲೇ ನನಗೆ ಆ ದಿವ್ಯ ಉಪಾಯ ಹೊಳೆದದ್ದು. ಪುಸ್ತಕವನ್ನು ಮೂರು ಪಾಲು ಮಾಡುವುದು. ಮೊದಲ ಪಾಲು ಯಜಮಾನರಿಗೆ, ನಡುವಿನದು ಅತ್ತೆಗೆ, ಕೊನೆಯದು ನನಗೆ. ಬ್ಲೇಡು ಹಿಡಿದು ಹೊಲಿಗೆ ಬಿಚ್ಚಲು ಹೋದರೆ, ನಡುವಿನ ಕಟ್ಟು ತಾನಾಗಿಯೇ ಹೊರಬಂದು ಕೈಗೆ ಬಿತ್ತು! ಪುಸ್ತಕವೇ ನನ್ನ ಉಪಾಯಕ್ಕೆ ತಥಾಸ್ತು ಎಂದಿತೆಂದು ಹಿಗ್ಗಿದೆ.

ಯಜಮಾನರಿಗೆ ಕನ್ನಡಕದ ಅಂಗಡಿ. ಗಿರಾಕಿಗಳ ನಡುವೆ ಓದಿ ಬಂದು ವರದಿ ಒಪ್ಪಿಸಿದರು. "ಬೀಗ ಹಾಕಿದ ಕೋಣೇಲಿ ಜಮೀನ್ದಾರ ಸತ್ತಿದಾನೆ. ಅಟ್ಟದ ಮೇಲೆ ಹೆಜ್ಜೆ ಸಪ್ಪಳ. ಅಳಿಯ ಪತ್ತೆ ಮಾಡಕ್ಕೆ ಹೊರಟಿದಾನೆ. ಆಮೇಲೇನೇ?"

"ಆಮೇಲಿಂದು ನಿಮ್ಮಮ್ಮನ ಹತ್ರ ಇದೆ, ಕೇಳಿ."

ನನ್ನ ಪಾಲಿನಲ್ಲಿ ಅದೇ ಅಳಿಯ ಬಿಸಿಗಾಳಿಯ ಬಲೂನಿನಲ್ಲಿ ಶವಪೆಟ್ಟಿಗೆಯೊಂದನ್ನು ಅಟ್ಟಿಸಿಕೊಂಡು ಹೋಗುತ್ತಿದ್ದ. ಯಾಕೆಂದು ನನಗೆ ತಿಳಿಯದು. ಅದು ಅತ್ತೆಯ ಪಾಲಿನಲ್ಲಿರಬೇಕು.

ಅತ್ತೆ ಮಾತ್ರ ಪುಟ ತಿರುವುತ್ತಾ ಹುಬ್ಬು ಗಂಟಿಕ್ಕಿದ್ದರು. "ಅಲ್ಲ ಕಣೇ, ಇಲ್ಲಿ ಸಾಬೂನು ಕಾಯಿಸ್ತಿದಾರೆ!"

"ಯಾರತ್ತೆ? ಭೂತವಾ?"

"ಭೂತ ಎಲ್ಲಿದೆ? ಒಬ್ಬ ವಿಧವೆ, ಮೂರು ಹೆಣ್ಮಕ್ಕಳು, ಒಂದು ಸಾಬೂನಿನ ಕಾರ್ಖಾನೆ. ದೊಡ್ಡವಳ ಮದುವೆ ಮಾತುಕತೆ ನಡೀತಿದೆ. ಪಾಪ, ಚಿನ್ನದಂಥ ಹುಡುಗಿ."

"ಜಮೀನ್ದಾರ ಸತ್ತ ಮೇಲೆ ಅವನ ಹೆಂಡ್ತಿ ವಿಧವೆ ಆಗ್ದೆ ಇನ್ನೇನಾಗ್ತಾಳೆ ಅತ್ತೆ?"

"ಇವಳ ಗಂಡ ಹಡಗಲ್ಲಿ ಸತ್ತಿದ್ದು. ನನಗ್ಯಾಕೋ ಇದು ಆ ಪುಸ್ತಕವೇ ಅಲ್ಲ ಅನ್ಸುತ್ತೆ."

"ಹಳೇ ಕಾಲದ ಕಾದಂಬರಿ ಹಾಗೇ ಇರುತ್ತೆ. ಸುಮ್ನೆ ಮುಂದೆ ಓದಿ."

ಅವರು ಕಣ್ಣೀರು ಒರೆಸಿಕೊಳ್ಳುತ್ತಾ ಓದಿದರು. ದೊಡ್ಡ ಮಗಳ ಗಂಡು ಮಾತು ತಪ್ಪುವ ಹಂತಕ್ಕೆ ಬಂದಾಗಲಂತೂ ನಮ್ಮತ್ತೆ ಅತ್ತೇಬಿಟ್ಟರು. ಭೂತದ ಕಥೆಗೆ ಯಾರಾದರೂ ಹೀಗೆ ಅಳುತ್ತಾರೆಯೇ? ವಯಸ್ಸು, ಕಣ್ಣಿಗೆ ಪೊರೆ ಬಂದಿರಬೇಕು, ಸಾಲುಗಳೆಲ್ಲ ಕಲಸಿಹೋಗಿರಬೇಕು ಎಂದುಕೊಂಡು, ಅವರನ್ನು ಯಜಮಾನರ ಅಂಗಡಿಗೆ ಕಳುಹಿಸಿದೆ. ಯಜಮಾನರು ಅಕ್ಷರದ ಹಲಗೆಯ ಮುಂದೆ ಕೂರಿಸಿ ಪರೀಕ್ಷಿಸಿ, "ಅಮ್ಮನ ಕಣ್ಣು ನನ್ನ ಕಣ್ಣಿಗಿಂತ ಚೆನ್ನಾಗಿದೆ. ಬೇಕಾದ್ರೆ ನೀನು ಬಾ, ನಿನ್ನದೂ ನೋಡ್ತೀನಿ" ಎಂದರು. ಆ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕುರ್ಚಿ ಬೇಕಾದವಳಿಗೆ ಕಿವಿ ಯಾಕೆ?

ಸಾಬೂನಂತೂ ನನ್ನ ತಲೆಯಲ್ಲಿ ಜಾರುತ್ತಲೇ ಇತ್ತು. ಕೊಲೆ, ಸಾಬೂನು, ಬಲೂನು. ತಾಳವೇ ಇಲ್ಲ, ಮೇಳವೆಲ್ಲಿ? ಕಡೆಗೆ ಪಾತ್ರೆ ತೊಳೆಯುವಾಗ ನೊರೆಯ ನಡುವೆ ಜ್ಞಾನೋದಯವಾಯಿತು. ಸಾಬೂನು ಸಾಬೂನಲ್ಲ, ಅದು ಸಂಕೇತ!

ಸಭೆಯ ಬೆಳಿಗ್ಗೆ ಮೂರೂ ಪಾಲುಗಳನ್ನು ಅಂಟು ಹಾಕಿ ಜೋಡಿಸಿದೆ. ಸಂಜೆ ಬಳಗವೆಲ್ಲ ನಮ್ಮ ಹಜಾರದಲ್ಲಿ ಸೇರಿತು. ದೊಡ್ಡ ಟೀಚರ್ ನಮ್ಮನೆಯ ಕೈಕುರ್ಚಿಯಲ್ಲಿ ಪುಸ್ತಕವನ್ನು ತೊಡೆಯ ಮೇಲಿಟ್ಟು ಕೂತರು. ಅತ್ತೆ ಚಹಾದ ತಟ್ಟೆ ಹಿಡಿದು ಬಾಗಿಲ ಬಳಿ ನಿಂತರು. ನಾನು ಎದ್ದು ನಿಂತು ಗಂಟಲು ಸರಿಮಾಡಿಕೊಂಡೆ.

"ಗೆಳತಿಯರೇ, ಜಮೀನ್ದಾರನ ಕೊಲೆಯ ಪಾಪವನ್ನು ತೊಳೆಯಲೆಂದೇ ಆ ವಿಧವೆ ಸಾಬೂನು ಕಾಯಿಸುತ್ತಾಳೆ. ಸಾಬೂನಿನ ಗುಳ್ಳೆಯೇ ಮುಂದೆ ಬಲೂನಾಗಿ ಆಕಾಶಕ್ಕೇರುತ್ತದೆ. ಅದುವೇ ಆತ್ಮದ ಬಿಡುಗಡೆ!"

ಚಪ್ಪಾಳೆ! ಡಾಕ್ಟರಮ್ಮ, "ನಾನೂ ಅದನ್ನೇ ಹೇಳ್ಬೇಕು ಅಂತಿದ್ದೆ" ಎಂದರು. ಹೊಲಿಗೆಯಾಕೆ, "ಆ ಸಾಬೂನಿನ ವಾಸನೇನೇ ನಂಗೆ ಭಯ ಹುಟ್ಸಿದ್ದು" ಎಂದಳು. ನಾನು ಆಗಲೇ ಕುರ್ಚಿಯತ್ತ ಅರ್ಧ ಹೆಜ್ಜೆ ಇಟ್ಟಿದ್ದೆ.

ಬಾಗಿಲ ಬಳಿಯಿಂದ ಅತ್ತೆಯ ದನಿ ಬಂತು. "ಟೀಚರಮ್ಮ, ಒಂದು ಮಾತು. ಈ ಸಾಬೂನಿನ ಕಥೆಯ ಮೊದಲೂ ಕೊನೇನೂ ನಿಮ್ಮ ಹತ್ರ ಇದ್ರೆ ಕೊಡ್ತೀರಾ? ದೊಡ್ಡ ಹುಡುಗಿ ಮದುವೆ ಏನಾಯ್ತು ಅಂತ ನನಗೆ ನಿದ್ದೇನೇ ಹತ್ತಿಲ್ಲ. ಇದರಲ್ಲಿ ಯಾರೋ ಬೇರೆ ಪುಸ್ತಕದ್ದು ಸೇರಿಸಿಬಿಟ್ಟಿದಾರೆ."

"ಅತ್ತೇ, ಚಹಾ ಆರುತ್ತೆ" ಎಂದೆ ನಾನು ಹಲ್ಲು ಕಚ್ಚಿ.

ದೊಡ್ಡ ಟೀಚರ್ ಮೆಲ್ಲಗೆ ಎದ್ದು ನಿಂತರು. ಮುಖದಲ್ಲಿ ಪರೀಕ್ಷೆಯ ಫಲಿತಾಂಶ ಓದುವವರ ಗಾಂಭೀರ್ಯ. "ಎರಡು ಹರಿದ ಕಾದಂಬರಿ ಬೈಂಡಿಂಗಿಗೆ ಕೊಟ್ಟಿದ್ದೆ. ಬೈಂಡಿಂಗಿನವನು ಇದರ ಹೊಟ್ಟೇನ ಅದಕ್ಕೆ, ಅದರ ಹೊಟ್ಟೇನ ಇದಕ್ಕೆ ಹಾಕಿ ಹೊಲಿದ. ಬೇಕಂತಲೇ ಹಾಗೇ ಬಿಟ್ಟೆ. ಇಷ್ಟು ಮನೆ ಸುತ್ತಿತು, ಇಷ್ಟು ಅಭಿಪ್ರಾಯ ಬಂತು. ಒಬ್ಬರಾದರೂ ಕೇಳ್ತೀರಾ ಅಂತ ಕಾಯ್ತಿದ್ದೆ."

ಡಾಕ್ಟರಮ್ಮ ಬಿಸ್ಕತ್ತಿನಲ್ಲಿ ಏನೋ ರೋಗ ಕಂಡವರಂತೆ ಅದನ್ನೇ ಪರೀಕ್ಷಿಸತೊಡಗಿದರು. ಟೀಚರ್ ನನ್ನನ್ನು ದಾಟಿ ಹೋಗಿ, ಅತ್ತೆಯ ಕೈಯಿಂದ ಚಹಾದ ತಟ್ಟೆ ತೆಗೆದು ನನ್ನ ಕೈಗಿತ್ತು, ಅತ್ತೆಯನ್ನು ಕರೆತಂದು ಕುರ್ಚಿಯಲ್ಲಿ ಕೂರಿಸಿದರು. ಪೀಠ ಬೇಕಿದ್ದವಳು ಪೀಠಿಕೆಯನ್ನೂ ಓದಿರಲಿಲ್ಲ, ಯಾರನ್ನು ದೂರಲಿ?

ಮರುದಿನವೇ ಟೀಚರ್ ಮನೆಯಿಂದ ಆ ಇನ್ನೊಂದು ಇಟ್ಟಿಗೆಯೂ ಬಂತು. ಹೊಸ ಅಧ್ಯಕ್ಷೆ, ಅಂದರೆ ನಮ್ಮತ್ತೆ, ಅದರಿಂದ ಭೂತದ ಪಾಲನ್ನು ಹುಷಾರಾಗಿ ಬೇರ್ಪಡಿಸಿ ನನ್ನ ಕೈಗಿತ್ತು, "ಮೊದಲಿಂದ ಕೊನೇವರೆಗೂ ಓದು. ನಾನು ಕೇಳ್ತೀನಿ" ಎಂದು ಅಪ್ಪಣೆ ಮಾಡಿದರು. ದೊಡ್ಡ ಹುಡುಗಿಗೆ ಒಳ್ಳೆಯ ಕಡೆ ಮದುವೆಯಾಯಿತಂತೆ, ಅತ್ತೆ ಹಾಯಾಗಿದ್ದಾರೆ.

ನಾನು ಅಡುಗೆಮನೆಯ ಮಣೆಯ ಮೇಲೆ ಕೂತು ಓದುತ್ತಿದ್ದೇನೆ. ನಿಜ ಹೇಳುತ್ತೇನೆ, ಪುಸ್ತಕ ಭಯಂಕರವಾಗಿದೆ. ಬಂಗಲೆಯಲ್ಲಿ ದೀಪ ಆರಿದೆ, ಮೆಟ್ಟಿಲಿಳಿದು ಹೆಜ್ಜೆ ಸಪ್ಪಳ ಹತ್ತಿರ ಬರುತ್ತಿದೆ, ಇನ್ನೂ ಹತ್ತಿರ, ನನ್ನ ಬೆನ್ನ ಹಿಂದೆಯೇ ಬಂದು ನಿಂತಿದೆ...

"ಎಷ್ಟನೇ ಪುಟದಲ್ಲಿದೀಯೇ?"