ಗುಡ್ಡದ ಬಯಲಿಗೊಂದು ಹಗುರ ವಿಮಾನ

ಕೊಳ್ಳುವುದು ಒಬ್ಬರ ಅಗತ್ಯವಾದರೆ ಆರಿಸಿಕೊಡುವುದು ಇನ್ನೊಬ್ಬರ ಚಟ. ನನಗೆ ಅಂಟಿರುವುದು ಈ ಎರಡನೆಯದು. ಬೀಡಿ ಸೇದುವವರಿಗಾದರೂ ಬಿಡಿಸುವ ಡಾಕ್ಟರಿದ್ದಾರೆ, ನನ್ನಂಥವರಿಗೆ ಯಾರೂ ಇಲ್ಲ. ಚನ್ನಗಿರಿಯಲ್ಲಿ ನನ್ನದೊಂದು ಪಂಪ್‌ಸೆಟ್ ಅಂಗಡಿಯಿದೆ. ಮೋಟಾರು ಮಾರುವವನಿಗೆ ಗರಗರ ತಿರುಗುವುದೆಲ್ಲಾ ಗೊತ್ತಿರುತ್ತದೆ ಎಂದು ಜನ ನಂಬಿದರು. ಅಷ್ಟು ಜನ ನಂಬಿದ ಮೇಲೆ ನಾನೊಬ್ಬ ನಂಬದಿದ್ದರೆ ಹೇಗೆ? ಪಕ್ಕದ ಮನೆಯವರು ಫ್ಯಾನು ತರುತ್ತೇವೆಂದರೆ ಊಟ ಬಿಟ್ಟು ಎದ್ದು ಹೋಗುತ್ತೇನೆ. ನನ್ನ ಸಿದ್ಧಾಂತ ಸರಳ. ಹಾರ್ಸ್‌ಪವರ್ ಯಾವುದಕ್ಕೆ ಜಾಸ್ತಿಯೋ ಅದನ್ನೇ ತೆಗೆದುಕೊಳ್ಳಬೇಕು. ನಮ್ಮ ಮನೆಯ ಮಿಕ್ಸಿ ಬಂದದ್ದೂ ಹಾಗೆಯೇ. "ಚಟ್ನಿ ರುಬ್ಬಾಕೆ ಹೋದ್ರೆ ಓಣಿ ಮಂದಿ ಹೊರಗೆ ಬಂದು ಟ್ರ್ಯಾಕ್ಟರ್ ಯಾ ಕಡೆ ಹೋತು ಅಂತ ನೋಡ್ತಾರೆ" ಎನ್ನುತ್ತಾಳೆ ನನ್ನ ಹೆಂಡತಿ ಗಿರಿಜಾ.

ಹೀಗಿರುವಾಗ ನ್ಯಾಮತಿಯಿಂದ ನನ್ನ ಬಾಮೈದ ಸಿದ್ದೇಶ ಬಂದ. ವಾಯುಪಡೆಯಲ್ಲಿ ವಿಮಾನದ ಎಂಜಿನ್ ರಿಪೇರಿ ಮಾಡಿ ನಿವೃತ್ತನಾದವನು. ರಿಪೇರಿ ಮಾಡಿದ್ದನ್ನೆಲ್ಲಾ ಬೇರೆಯವರೇ ಹಾರಿಸಿದರಲ್ಲ ಎಂಬ ಸಿಟ್ಟಿಗೋ ಏನೋ, ಆಮೇಲೆ ತಾನೂ ಹಾರಿಸುವುದನ್ನು ಕಲಿತು ಲೈಸೆನ್ಸ್ ತೆಗೆದುಕೊಂಡಿದ್ದ. ಕಾಫಿ ಕುಡಿಯುತ್ತಾ, ಎಮ್ಮೆ ಕೊಳ್ಳುವ ಸುದ್ದಿ ಹೇಳಿದಷ್ಟು ಸಲೀಸಾಗಿ ಹೇಳಿದ: "ಭಾವ, ನಾನೂ ನನ್ನ ಇಬ್ರು ಸ್ನೇಹಿತ್ರೂ ಸೇರಿ ಒಂದು ಸಣ್ಣ ವಿಮಾನ ತಗಳಾಕೆ ಹೊಂಟೀವಿ. ಅಲ್ಟ್ರಾಲೈಟ್ ಅಂತಾರೆ, ಎರಡೇ ಸೀಟು. ಬಸವಾಪಟ್ಟಣದ ಆಚೆ ಗುಡ್ಡದ ಮ್ಯಾಲೆ ಸ್ನೇಹಿತನ ಹುಲ್ಲುಬಯಲು ಐತೆ. ಅಲ್ಲಿಂದ್ಲೇ ಏಳಬೇಕು, ಅಲ್ಲೇ ಇಳೀಬೇಕು. ಪರ್ಮಿಷನ್ನು ಗಿರ್ಮಿಷನ್ನು ನಾನು ನೋಡ್ಕಂತೀನಿ. ಆರಿಸಾಕೆ ನೀವು ಬರ್ರಿ. ಮೊದಲ ಸಲ ಹಿಂದಿನ ಸೀಟಲ್ಲಿ ಕೂರೋರೂ ನೀವೇ."

ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ. ನೋಡಿ, ನನ್ನ ಬದುಕೆಲ್ಲಾ ನೆಲದ ಕೆಳಗಿನ ವ್ಯವಹಾರ. ಜಗಳೂರು ಕಡೆಯ ಬೋರ್‌ವೆಲ್ಲುಗಳಲ್ಲಿ ಬಗ್ಗಿ ಬಗ್ಗಿ ನೋಡಿ ಕುತ್ತಿಗೆಯೇ ಬಗ್ಗಿಹೋಗಿದೆ. ವಿಮಾನವೆಂದರೆ ನನ್ನ ಪಾಲಿಗೆ ಬಿಳಿಚೋಡಿನ ಹೊಲದಲ್ಲಿ ಮೋಟಾರು ಇಳಿಸುವಾಗ ಆಕಾಶದಲ್ಲಿ ಕಂಡ ಬಿಳಿ ಗೆರೆ, ಅಷ್ಟೆ. ಒಂದು ಸಲ, ಒಂದೇ ಒಂದು ಸಲ, ನಮ್ಮ ಸೀಮೆಯನ್ನು ಮೇಲಿನಿಂದ ನೋಡಬೇಕೆಂಬ ಆಸೆ ಎಷ್ಟು ದಿನದಿಂದ ಇತ್ತೋ ನನಗೇ ಗೊತ್ತಿರಲಿಲ್ಲ. ಗಿರಿಜಾ ಮಾತ್ರ ಲೋಟ ಎತ್ತಿಕೊಂಡು ಹೋಗುತ್ತಾ, "ಬಲ್ಬ್ ಹಾಕಾಕೆ ನೀನೇ ಏಣಿ ಹತ್ತು ಅಂತ ನನಗೆ ಹೇಳ್ತೀರಿ, ಈಗ ವಿಮಾನ ಹತ್ತಾಕೆ ಹೊಂಟ್ರಿ" ಎಂದಳು. ಒಳ್ಳೆಯ ಕೆಲಸಕ್ಕೆ ಹೊರಟಾಗ ಇಂಥ ಮಾತನ್ನು ಕಿವಿಗೆ ಹಾಕಿಕೊಳ್ಳಬಾರದು.

ವಿಮಾನ ಆರಿಸಲು ಕೂತ ಮೊದಲ ದಿನವೇ ನನ್ನ ಹಾರ್ಸ್‌ಪವರ್ ಸಿದ್ಧಾಂತ ಮಕಾಡೆ ಮಲಗಿತು. "ಎತ್ತರ ಹೋದಂಗೆ ಗಾಳಿ ತೆಳ್ಳಗಾಗ್ತೈತೆ ಭಾವ. ಬಿಸ್ಲು ಏರಿದ್ರೆ ಇನ್ನೂ ತೆಳು. ಎಂಜಿನ್‌ಗೆ ಉಸಿರು ಸಾಲಲ್ಲ, ರೆಕ್ಕೆಗೆ ಆಸರೆ ಸಾಲಲ್ಲ. ಬೋರು ಆಳ ಹೋದಂಗೆ ನಿಮ್ಮ ಮೋಟ್ರು ಏದುಸಿರು ಬಿಡಲ್ವಾ, ಹಂಗೇ ಇದು" ಎಂದ ಸಿದ್ದೇಶ. ಹಾಗಾದರೆ ದೊಡ್ಡ ಎಂಜಿನ್ನೇ ಹಾಕಿಸು, ಮುಗಿಯಿತಲ್ಲ ಎಂದೆ. "ಆ ದೊಡ್ಡ ಎಂಜಿನ್ನಿನ ತೂಕ ಯಾರು ಹೊರಬೇಕು? ತೂಕ ಜಾಸ್ತಿ ಆದ್ರೆ ಉದ್ದ ಓಡಬೇಕು. ನಮ್ಮ ಬಯಲು ಮೋಟು." ನಾನು ಗಂಭೀರವಾಗಿ ತಲೆಯಾಡಿಸಿದೆ. ತಿಳಿಯದಿದ್ದಾಗ ಗಂಭೀರವಾಗಿ ತಲೆಯಾಡಿಸುವುದು ಅಂಗಡಿಯಲ್ಲಿ ಕೂತು ಕಲಿತ ವಿದ್ಯೆ.

ನೋಡಲು ಹೋದೆವು. ಜೊತೆಗೆ ನಮ್ಮತ್ತೆಯೂ ಬಂದರು. ಮನೆಗೆ ಎತ್ತು ಬರಲಿ, ಸೊಸೆ ಬರಲಿ, ಹಿರಿಯರೊಬ್ಬರು ನೋಡದೆ ತರುವ ಪದ್ಧತಿ ಅವರಲ್ಲಿಲ್ಲ. ಮಾರುವವರ ಶೆಡ್ಡಿನಲ್ಲಿ ಮೂರು ವಿಮಾನಗಳಿದ್ದವು. ಮೊದಲನೆಯದು ತ್ರಿಕೋನದ ಬಟ್ಟೆ ರೆಕ್ಕೆಗೆ ಮೂರು ಗಾಲಿಯ ಗಾಡಿ ನೇತುಹಾಕಿದಂಥದ್ದು. ಅತ್ತೆ ಅದರ ಸುತ್ತ ಒಂದು ಸುತ್ತು ಬಂದು, "ಕದ ಇಲ್ಲ, ಕಿಟಕಿ ಇಲ್ಲ, ಇದೇನು ಗಾಡಿಗೆ ಕೊಡೆ ಕಟ್ಯಾರೆ? ಬ್ಯಾಡ" ಎಂದರು. ಸಣ್ಣ ಜಾಗದಲ್ಲಿ ಏಳುವುದೇನೋ ಏಳುತ್ತದೆ, ಆದರೆ ಗುಡ್ಡದ ಗಾಳಿ ಇದನ್ನು ಆಟ ಆಡಿಸಿಬಿಡುತ್ತದೆ ಎಂದು ಸಿದ್ದೇಶನೂ ಒಪ್ಪಿದ. ಎರಡನೆಯದು ಕೆಂಪಗೆ ಮಿರಮಿರ ಮಿಂಚುತ್ತಿತ್ತು. ಚಿಕ್ಕ ರೆಕ್ಕೆ, ದೊಡ್ಡ ಎಂಜಿನ್. ನಾನು ಮನಸೋತು ಸವರುತ್ತಾ ನಿಂತೆ. "ಇದಕ್ಕೆ ಉದ್ದ ರಸ್ತೆ ಬೇಕು ಭಾವ. ಇದು ಏಳೋ ಹೊತ್ತಿಗೆ ನಮ್ಮ ಬಯಲು ಮುಗಿದು ಎಲ್ಲಾರೂ ಕೆಳಗಿನ ಊರಲ್ಲಿ ಇರ್ತೀವಿ" ಎಂದು ಸಿದ್ದೇಶ ನನ್ನ ಕೈ ಹಿಡಿದು ಎಳೆದುಕೊಂಡು ಹೋದ.

ಮೂರನೆಯದಕ್ಕೆ ಕ್ಯಾನ್ವಾಸ್ ಮೈ, ತಲೆಯ ಮೇಲೆ ಉದ್ದನೆಯ ರೆಕ್ಕೆ, ಬಸುರಿ ಟೈರುಗಳು. ನೋಡಲು ಚಂದವಿಲ್ಲ. ಆದರೆ ನಿಧಾನಕ್ಕೆ ಹೋದರೂ ಬೀಳದ ರೆಕ್ಕೆಯಂತೆ, ತೆಳುಗಾಳಿಯಲ್ಲೂ ಸೋಲದ ಟರ್ಬೊ ಎಂಜಿನ್ನಂತೆ, ಉಬ್ಬುತಗ್ಗು ನುಂಗುವ ಟೈರಂತೆ. ಸಿದ್ದೇಶ ಅದರ ಹೊಟ್ಟೆಯ ಕೆಳಗೆ ನುಸುಳಿ ಒಂದೊಂದು ಬೋಲ್ಟನ್ನೂ ಮುಟ್ಟಿ ಬರುವಷ್ಟರಲ್ಲಿ ನಾನು ಟೈರು ಒತ್ತಿದೆ, ಕದ ತೆಗೆದು ಹಾಕಿದೆ, ಮತ್ತೆ ತೆಗೆದು ಹಾಕಿದೆ. ಎತ್ತಾಗಿದ್ದರೆ ಹಲ್ಲು ನೋಡಬಹುದಿತ್ತು. ಅವನು ಮುಂಗಡದ ಮಾತು ಮುಗಿಸಿ ಬಂದ ಮೇಲೆ, "ಇದನ್ನೇ ತಗೋ ಸಿದ್ದೇಶ, ನಾನು ಹೇಳ್ತೀನಿ" ಎಂದು ಘೋಷಿಸಿದೆ. ಅವನು ಒಳ್ಳೆಯವನು, "ಆಯ್ತು ಭಾವ" ಎಂದ.

ವಿಮಾನವನ್ನು ಪರೀಕ್ಷೆ ಮಾಡಿದ್ದಾಯಿತು, ಇನ್ನು ನನ್ನ ಸರದಿ. ಸಿದ್ದೇಶ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಭಾವ, ಸ್ವಲ್ಪ ಇಳೀಬೇಕಲ್ರೀ" ಎಂದ. ಎಲ್ಲಿಂದ ಎಂದು ನಾನು ಕೇಳಲಿಲ್ಲ. ಅಂದಿನಿಂದ ಸಂಜೆಯ ಮಂಡಕ್ಕಿ ಮೆಣಸಿನಕಾಯಿ ಬಂದ್. ನಮ್ಮ ಸೀಮೆಯಲ್ಲಿ ಸಂಜೆ ಮಂಡಕ್ಕಿ ತಿನ್ನದ ಗಂಡಸಿಗೆ ಏನೋ ಕಾಯಿಲೆ ಎಂದೇ ಅರ್ಥ. ಬಜ್ಜಿ ಅಂಗಡಿಯವನು ಗಿರಿಜಾಳನ್ನು ದಾರಿಯಲ್ಲಿ ನಿಲ್ಲಿಸಿ ರಿಪೋರ್ಟ್ ಏನು ಬಂತು ಎಂದು ವಿಚಾರಿಸಿದನಂತೆ. ಅಂತೂ ಬೆಲ್ಟಿಗೆ ಹೊಸ ತೂತು ಹೊಡೆಸಿದೆ, ಸಿದ್ದೇಶ ಒಪ್ಪಿದ.

ಮೊದಲ ಸಲ ಹಾರುವ ದಿನ ಬೆಳಿಗ್ಗೆ ಗುಡ್ಡದ ಮೇಲೆ ಮನೆಮಂದಿಯೆಲ್ಲಾ ಸೇರಿದೆವು. ವಿಮಾನಕ್ಕೆ ವಿಭೂತಿ ಹಚ್ಚಿ ಕಾಯಿ ಒಡೆದಾಯಿತು. ಸಿದ್ದೇಶ ಮೊದಲು ಒಬ್ಬನೇ ಹೋಗಿ ಬಂದ. ಕೊಕ್ಕರೆಯ ಹಾಗೆ ಎದ್ದಿತು, ಕೊಕ್ಕರೆಯ ಹಾಗೆ ಇಳಿಯಿತು. ಆಮೇಲೆ ನಾನು ಹತ್ತಿ ಕೂತೆ. ಬಯಲಿನ ನಡುವೆ ಸಿದ್ದೇಶ ಕೋಲಿಗೆ ಒಂದು ಕೆಂಪು ಬಟ್ಟೆ ಕಟ್ಟಿ ನೆಟ್ಟಿದ್ದ. ಅಷ್ಟರೊಳಗೆ ಗಾಲಿ ನೆಲ ಬಿಡದಿದ್ದರೆ ಹಾರುವುದಿಲ್ಲ, ನಿಲ್ಲಿಸುವುದೇ ಎಂದು ಕಟ್ಟುನಿಟ್ಟು. ಎಂಜಿನ್ ಗುಡುಗಿತು. ಓಡಿದೆವು, ಓಡಿದೆವು, ಕೆಂಪು ಬಟ್ಟೆ ಪಕ್ಕದಲ್ಲೇ ಹಾದುಹೋಯಿತು, ಗಾಲಿ ನೆಲ ಬಿಡಲಿಲ್ಲ. ಸಿದ್ದೇಶ ಗಪ್ಪನೆ ಎಂಜಿನ್ ತಗ್ಗಿಸಿ ಬ್ರೇಕ್ ಹಾಕಿದ. ತಿರುಗಿ ನನ್ನನ್ನು ನೋಡಿದ ನೋಟವಿದೆಯಲ್ಲ, ಅದನ್ನು ಮರೆಯಲಾರೆ. "ಭಾವ, ಖರೇ ಹೇಳ್ರಿ, ಬಜ್ಜಿ ತಿಂದ್ರಾ?"

ಆಣೆ ಪ್ರಮಾಣ ಮಾಡುತ್ತಾ ಇಳಿಯುವಾಗ ಮೊಣಕೈಗೆ ಏನೋ ತಾಗಿತು. ಸೀಟಿನ ಹಿಂದೆ ಕೈ ಹಾಕಿದರೆ ಒಂದು ಚೀಲ. ಅದರೊಳಗೆ ತೆಂಗಿನಕಾಯಿಗಳು, ಬೆಲ್ಲದ ಅಚ್ಚು, ರೊಟ್ಟಿಯ ಗಂಟು, ಶೇಂಗಾ ಚಟ್ನಿಪುಡಿ, ಒಂದು ಡಬ್ಬಿ ತುಂಬಾ ಕಡುಬು, ಮೇಲೊಂದು ಸ್ಟೀಲ್ ಕ್ಯಾನಿನಲ್ಲಿ ಮಜ್ಜಿಗೆ! ನಾವು ಹತ್ತುವ ಗಡಿಬಿಡಿಯಲ್ಲಿ ಅತ್ತೆ ಇಟ್ಟುಬಿಟ್ಟಿದ್ದರು. ಸಿದ್ದೇಶ ತಲೆಯ ಮೇಲೆ ಕೈ ಹೊತ್ತ. "ಅವ್ವಾ, ಹತ್ತು ನಿಮಿಷ ಸುತ್ತಿ ಇಲ್ಲಿಗೇ ಬರ್ತೀವಿ!"

"ಹತ್ತು ನಿಮಿಷಾನೋ ಹತ್ತು ದಿನಾನೋ, ಅಳಿಯಂದ್ರು ಹೊಂಟಾಗ ಬರಿಗೈಲಿ ಕಳ್ಸಾಕೆ ಆಗ್ತೈತಾ? ನಾಕು ಮಂದಿ ಏನಂತಾರೆ?" ಎಂದರು ಅತ್ತೆ. ಆಕಾಶದಲ್ಲಿ ಆ ನಾಲ್ಕು ಮಂದಿ ಯಾರು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಚೀಲ ಇಳಿಸುವಷ್ಟರಲ್ಲಿ ಬಿಸಿಲು ಏರಿತ್ತು. ಗಾಳಿ ತೆಳುವಾಯಿತು, ಇನ್ನು ನಿಮ್ಮ ತೂಕಕ್ಕೆ ನಾಳೆ ಬೆಳಿಗ್ಗೆಯೇ ಸೈ, ಈಗ ಹಗುರ ಇದ್ದವರು ಯಾರಾದರೂ ಬರಬಹುದು ಎಂದ ಸಿದ್ದೇಶ. ಎಲ್ಲರೂ ಎಲ್ಲರ ಮುಖ ನೋಡಿದರು. ಗಿರಿಜಾ ಸೆರಗು ಸೊಂಟಕ್ಕೆ ಸಿಕ್ಕಿಸಿ, "ನಡಿಯೋ ತಮ್ಮಾ" ಎಂದು ಹತ್ತಿ ಕೂತೇಬಿಟ್ಟಳು! ಕೆಂಪು ಬಟ್ಟೆ ಇನ್ನೂ ದೂರವಿರುವಾಗಲೇ ವಿಮಾನ ಎದ್ದಿತು. ನಾನು ಹೊಟ್ಟೆಯುರಿಯಿಂದ ಕಡುಬಿನ ಡಬ್ಬಿ ಬಿಚ್ಚಿದೆ.

ಇಳಿದು ಬಂದವಳ ಸುತ್ತ ಎಲ್ಲರೂ ಮುತ್ತಿದರು. "ಅಯ್ಯೋ, ಏನು ಹೇಳ್ಲಿ! ತೋಟ ಎಲ್ಲಾ ಹಸಿರು ಕಂಬಳಿ ಹಾಸಿದಂಗೆ. ಸೂಳೆಕೆರೆ ತಾಟಿನಂಗೆ ಥಳಥಳ ಅಂತಿತ್ತು. ನಡುವೆ ಎರಡು ಬಿಳೇ ದೋಣಿ, ಇಷ್ಟಿಷ್ಟೇ" ಎಂದಳು. ಆ ರಾತ್ರಿ ನನಗೆ ನಿದ್ದೆಯಲ್ಲೂ ದೋಣಿಯೇ.

ಮರುದಿನ ಬೆಳಿಗ್ಗೆ ತಣ್ಣನೆಯ ಗಾಳಿ, ಖಾಲಿ ಹೊಟ್ಟೆ, ಸೀಟಿನ ಹಿಂಭಾಗವೂ ಖಾಲಿ. ಅತ್ತೆಯನ್ನು ಕಾರಿನಲ್ಲೇ ಕೂರಿಸಿದ್ದೆವು. ಗಾಲಿ ನೆಲ ಬಿಟ್ಟಿತು. ಗುಡ್ಡದ ಅಂಚು ದಾಟಿದ್ದೇ ತಡ, ಕಾಲ ಕೆಳಗೆ ಇದ್ದಕ್ಕಿದ್ದಂತೆ ಏನೂ ಇಲ್ಲ! ಕಣ್ಣು ತಾನಾಗಿಯೇ ಮುಚ್ಚಿತು. ಸಿದ್ದೇಶನ ಸೀಟನ್ನು ತಬ್ಬಿ ಹಿಡಿದು, ಗೊತ್ತಿದ್ದ ದೇವರನ್ನೆಲ್ಲಾ ಹೆಸರು ಹಿಡಿದು ಕರೆದೆ. ಮುಂದಿನಿಂದ ಅವನು "ಅಲ್ಲಿ ನೋಡ್ರಿ ಭಾವ, ಇಲ್ಲಿ ನೋಡ್ರಿ" ಎನ್ನುತ್ತಲೇ ಇದ್ದ, ನಾನು "ಹ್ಞೂಂ, ಭೇಷ್, ಭೇಷ್" ಎನ್ನುತ್ತಲೇ ಇದ್ದೆ. ಟೈರು ಹುಲ್ಲಿಗೆ ತಾಗಿ ದಡಬಡ ಎಂದ ಮೇಲೆಯೇ ಕಣ್ಣು ಬಿಟ್ಟದ್ದು.

ಕೆಳಗೆ ಎಲ್ಲರೂ ಕಾಯುತ್ತಿದ್ದರು. ಮರ್ಯಾದೆಯ ಪ್ರಶ್ನೆ. "ಏನು ಹೇಳಲಿ! ತೋಟ ಹಸಿರು ಕಂಬಳಿ ಹಾಸಿದಂಗೆ. ಸೂಳೆಕೆರೆ ಥಳಥಳ. ದೋಣಿ ಎರಡಲ್ಲ, ಮೂರಿದ್ವು. ಒಂದರಲ್ಲಿ ಒಬ್ಬ ಬಲೆ ಬೀಸ್ತಿದ್ದ, ಬಲೆಯ ಗಂಟು ಸಹಿತ ಕಂಡೆ" ಎಂದೆ. ಅತ್ತೆ ಕಾರಿನಿಂದಲೇ ಕೈ ಮುಗಿದರು.

ಗಿರಿಜಾ ಮಾತ್ರ ನನ್ನನ್ನೇ ದಿಟ್ಟಿಸುತ್ತಿದ್ದಳು. ಮೆಲ್ಲಗೆ ಪಕ್ಕಕ್ಕೆ ಬಂದು ಕಿವಿಯಲ್ಲಿ ಕೇಳಿದಳು: "ರೀ, ಖರೇನೇ ದೋಣಿ ಇದ್ವಾ? ನಾನು ಮೇಲೆ ಹೋದಾಗಿಂದ ಇಳಿಯೋತನಕ ಕಣ್ಣೇ ಬಿಟ್ಟಿರ್ಲಿಲ್ಲ ಕಣ್ರೀ."