ಅಕ್ಕ ಲಿನಕ್ಸನ್ನು ಕೆಲಸಕ್ಕೆ ಇಟ್ಟುಕೊಂಡದ್ದು

ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ಮನ್ನು ಎದುರು ನಿಲ್ಲಿಸಿ, ಹೋಟೆಲಿಗೆ ಅಡುಗೆ ಭಟ್ಟರನ್ನು ನೇಮಿಸುವ ಹಾಗೆ ಪರೀಕ್ಷೆ ಮಾಡಿದ ಹೆಂಗಸು ಈ ಭೂಮಿಯ ಮೇಲೆ ಒಬ್ಬಳೇ ಇರಬೇಕು. ಅವಳಿರುವುದು ನವಿಮುಂಬಯಿಯ ನೆರೂಳದಲ್ಲಿ. ನನ್ನ ಗ್ರಹಚಾರಕ್ಕೋ ಪೂರ್ವಜನ್ಮದ ಪುಣ್ಯಕ್ಕೋ, ಅವಳು ನನ್ನ ಒಡಹುಟ್ಟಿದ ಅಕ್ಕ!

ಅರುವತ್ತು ದಾಟಿದ ಹೆಂಗಸರು ಸಂಜೆ ಏನು ಮಾಡುತ್ತಾರೆ? ಭಜನೆಗೆ ಹೋಗುತ್ತಾರೆ, ಸೊಸೆಯಂದಿರ ವಿಚಾರ ಮಾತಾಡುತ್ತಾರೆ. ನಮ್ಮಕ್ಕ ಡ್ರ್ಯಾಗನ್ ಕೊಲ್ಲುತ್ತಾಳೆ. ಅದೂ ಒಬ್ಬಳೇ ಅಲ್ಲ, ಆನ್‌ಲೈನಿನಲ್ಲಿ ಒಂದು ದಂಡು ಕಟ್ಟಿಕೊಂಡು! ಒಳಗೆ ಗ್ರೈಂಡರಿನಲ್ಲಿ ಉದ್ದು ತಿರುಗುತ್ತಿರಬೇಕು, ಹೊರಗೆ ಅವಳ ಕತ್ತಿ ತಿರುಗುತ್ತಿರಬೇಕು. ಒಮ್ಮೆ ನಾನು ಐರೋಲಿಯ ನಮ್ಮ ಮನೆಯಿಂದ ಫೋನ್ ಮಾಡಿದರೆ, "ಆಮೇಲೆ ಮಾಡು ತಮ್ಮ, ಇನ್ನೊಂದು ತಲೆ ಬಾಕಿ ಉಂಟು" ಎಂದು ಇಟ್ಟೇಬಿಟ್ಟಳು. ಪಕ್ಕದಲ್ಲಿದ್ದ ನನ್ನ ಹೆಂಡತಿ ಗಾಬರಿಯಿಂದ, "ಯಾರ ತಲೆ?" ಎಂದು ಕೇಳಿದಳು.

ಆದರೆ ಆ ಕಂಪ್ಯೂಟರು ಮನೆಗೆ ಬಂದದ್ದು ಡ್ರ್ಯಾಗನ್ನಿಗಾಗಿ ಅಲ್ಲ, ಭಾವನಿಗಾಗಿ. ಅಕ್ಕ, ಭಾವ ಸಾನಪಾಡಾದಲ್ಲಿ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದವರು. ಭಾವ ದುಡ್ಡಿನ ಗಲ್ಲೆಯಲ್ಲಿ, ಅಕ್ಕ ಅಡುಗೆಮನೆಯಲ್ಲಿ. ಭಾವನಿಗೆ ಪಾರ್ಶ್ವವಾಯು ಬಡಿದು ಬಲಗೈ ಸೋತಮೇಲೆ ಹೋಟೆಲನ್ನು ಅವರ ತಮ್ಮನಿಗೆ ಒಪ್ಪಿಸಿದರು. ಕೈಗೆ ವ್ಯಾಯಾಮವಾಗಲಿ ಎಂದು ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು ಹಿಚುಕಲು ಹೇಳಿದರು. "ನಾನೆಂತ ತೊಟ್ಟಿಲ ಮಗುವಾ, ಚೆಂಡಾಡ್ಲಿಕ್ಕೆ?" ಎಂದು ಭಾವ ಅದನ್ನು ಎಡಗೈಯಲ್ಲೇ ಕಿಟಕಿಯಿಂದ ಹೊರಗೆಸೆದರು.

ಅಕ್ಕ ಜಗಳವಾಡಲಿಲ್ಲ. ಕೆಳಮಹಡಿಯ ಮರಾಠಿಯವರು ಮಾರಲಿಟ್ಟಿದ್ದ ಗೇಮಿಂಗ್ ಕಂಪ್ಯೂಟರನ್ನೂ ಅದರ ಜೊತೆಗಿದ್ದ ಸ್ಟೀರಿಂಗ್ ಚಕ್ರವನ್ನೂ ತಂದು ಊಟದ ಮೇಜಿಗೆ ಬಿಗಿದಳು. ಲಾರಿ ಓಡಿಸುವ ಆಟವೊಂದನ್ನು ಹಾಕಿಕೊಟ್ಟಳು. ಹುಡುಗನಾಗಿದ್ದಾಗ ಲಾರಿ ಡ್ರೈವರ್ ಆಗಬೇಕೆಂದು ಹಟ ಹಿಡಿದು ಅಪ್ಪನಿಂದ ಪೆಟ್ಟು ತಿಂದಿದ್ದ ಮನುಷ್ಯ! ಬೇಡ ಎನ್ನುತ್ತಾರೆಯೇ? ಆ ಚಕ್ರ ಬರೀ ಆಟಿಕೆಯಲ್ಲ. ತಿರುವಿನಲ್ಲಿ ನಿಜವಾದ ಲಾರಿಯಂತೆ ಕೈಗೆ ಎದುರಾಗಿ ಎಳೆಯುತ್ತದೆ. ಭಾವನ ಕೈ ನೊಂದೀತೆಂದು ಅಕ್ಕ ಆ ಎಳೆತವನ್ನು ತೀರಾ ಕೆಳಕ್ಕೆ ಇಳಿಸಿಟ್ಟಳು. ದಿನಾ ಸಂಜೆ ಭಾವ ಲೋಡು ಸಾಗಿಸುತ್ತ ಹೋದಂತೆ ಮಡಚಿದ ಬೆರಳುಗಳು ಒಂದೊಂದಾಗಿ ಚಕ್ರ ಹಿಡಿಯಲು ಕಲಿತವು.

ಹೀಗಿರುವಾಗ ಒಂದು ದಿನ ಪರದೆಯ ಮೇಲೆ ಒಂದು ಪ್ರಕಟಣೆ. ಹಳೆಯ ವಿಂಡೋಸಿಗೆ ಇನ್ನು ಅಪ್‌ಡೇಟ್ ಇಲ್ಲ, ಹೊಸದಕ್ಕೆ ಈ ಕಂಪ್ಯೂಟರು ಯೋಗ್ಯವಲ್ಲ! ಮಗಳ ಜಾತಕ ಹಿಂದಕ್ಕೆ ಕಳಿಸಿದವರ ಮೇಲೆ ಬರುವಷ್ಟು ಕೋಪ ಅಕ್ಕನಿಗೆ ಬಂತು. ನನ್ನನ್ನು ಕರೆಸಿದಳು. ನಾನು ಐಟಿ ಪಾರ್ಕಿನಲ್ಲಿದ್ದೇನೆ, ಆದ್ದರಿಂದ ಕಂಪ್ಯೂಟರೆಲ್ಲ ನನಗೆ ಕರತಲಾಮಲಕ ಎಂದು ನಮ್ಮ ಬಂಧುಬಳಗದ ನಂಬಿಕೆ. ನಾನಿರುವುದು ಪಗಾರದ ವಿಭಾಗದಲ್ಲಿ ಮಾರಾಯ್ರೆ!

"ಹೊಸ ಕಂಪ್ಯೂಟರ್ ತಗೊಳ್ಳುವ ಅಕ್ಕ" ಎಂದೆ.

"ತಿರುಗುವ ಗ್ರೈಂಡರನ್ನು ಗುಜರಿಗೆ ಹಾಕಿದವರನ್ನು ನೋಡಿದ್ದೀಯಾ?"

"ಇಲ್ಲ."

"ಹಾಗಾದ್ರೆ ಸುಮ್ಮನೆ ಕೂತು ಕಾಫಿ ಕುಡಿ. ವಿಂಡೋಸಿನ ಬದಲಿಗೆ ಲಿನಕ್ಸ್ ಅಂತ ಒಂದುಂಟಂತೆ. ಹಳೇ ಪೆಟ್ಟಿಗೆಯಲ್ಲೂ ಓಡ್ತದಂತೆ."

ಅಭಿಪ್ರಾಯ ಕೇಳಲು ಸ್ಟೇಷನ್ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಹೋದೆವು. ಆಟಕ್ಕೆ ಲಿನಕ್ಸಾ ಎಂದು ಅಂಗಡಿಯವನು ನಕ್ಕ. "ಗೇಮಿಂಗ್ ಕೇ ಲಿಯೇ ಲಿನಕ್ಸ್? ಛೋಡೋ ಆಂಟಿ!" ಎಂದ.

"ತುಮ್‌ನೇ ಖುದ್ ಚಲಾಯಾ ಹೈ ಕ್ಯಾ?" ನೀನೇ ಓಡಿಸಿ ನೋಡಿದ್ದೀಯಾ ಎಂದು ಅಕ್ಕ ಕೇಳಿದಳು.

"ನಹೀಂ."

"ತೋ ಬಿನಾ ಚಖೇ ನಮಕ್ ಕಮ್ ಬೋಲ್ತಾ ಹೈ?"

ರುಚಿ ನೋಡದೆ ಉಪ್ಪು ಕಡಿಮೆ ಎನ್ನುವ ಗಿರಾಕಿಗಳನ್ನು ಮೂವತ್ತು ವರ್ಷ ಸಹಿಸಿದವಳು ಆಕೆ. ಅವನ ಗತಿ ಏನಾಯಿತೆಂದು ನಾನು ಹೇಳಬೇಕೇ?

ಅಕ್ಕನ ಹೋಟೆಲಿನಲ್ಲಿ ಹೊಸ ಭಟ್ಟರನ್ನು ಇಟ್ಟುಕೊಳ್ಳುವುದಕ್ಕೆ ಒಂದು ಪದ್ಧತಿಯಿತ್ತು. ಮಸಾಲೆದೋಸೆ ಮಾಡಿಸುತ್ತಿರಲಿಲ್ಲ. "ಮಸಾಲೆಯಲ್ಲಿ ತಪ್ಪು ಮುಚ್ಚಬಹುದು, ಸಾರಲ್ಲಿ ಮುಚ್ಲಿಕ್ಕಾಗುದಿಲ್ಲ" ಎಂದು ಮೊದಲು ಬರೀ ಸಾರು ಮಾಡಿಸುತ್ತಿದ್ದಳು. ಸಾರು ಪಾಸಾದರೆ ಒಂದು ಭಾನುವಾರದ ಬೆಳಗಿನ ರಶ್ಶು. ಅದೂ ದಾಟುವ ತನಕ ಹಳೇ ಭಟ್ಟರನ್ನು ಬಿಡುವಂತಿಲ್ಲ. ಲಿನಕ್ಸಿಗೂ ಅದೇ ಕಾನೂನು! ಹಳೆಯದನ್ನು ಮುಟ್ಟದೆ ಬೇರೊಂದು ಡಿಸ್ಕಿನಲ್ಲಿ ಅದನ್ನು ಹಾಕಿದಳು. ಮೊದಲ ದಿನ ಆಟದ ಸುದ್ದಿಯೇ ಇಲ್ಲ. ಸದ್ದು ಬರುತ್ತದಾ, ನೆಟ್ಟು ಹಿಡಿಯುತ್ತದಾ, ಊರಿನ ಮದುವೆ ಫೋಟೋ ತೆರೆಯುತ್ತದಾ? ಎಲ್ಲ ಸರಿಯಾಗಿತ್ತು. "ಸಾರು ಅಡ್ಡಿಯಿಲ್ಲ" ಎಂದಳು.

"ಎರಡನ್ನೂ ಶಾಶ್ವತವಾಗಿ ಇಟ್ಟುಕೊಂಡರೆ ಆಗದಾ?" ನಾನು ಜಾಣತನ ತೋರಿಸಿದೆ.

"ಒಂದು ಅಡುಗೆಮನೆಗೆ ಇಬ್ಬರು ಭಟ್ಟರನ್ನಿಟ್ಟರೆ ಉಪ್ಪು ಎರಡು ಸಲ ಬೀಳ್ತದೆ."

ಲಾರಿಯ ಆಟವೂ ತೆರೆದುಕೊಂಡಿತು. ಆದರೆ ಚಕ್ರ? ತಿರುಗಿಸಿದರೆ ಲಾರಿ ತಿರುಗುತ್ತದೆ, ಕೈಗೆ ಎಳೆತವೇ ಇಲ್ಲ! ಎಳೆತವಿಲ್ಲದಿದ್ದರೆ ಭಾವನ ಕೈಗೆ ವ್ಯಾಯಾಮವಿಲ್ಲ. ವ್ಯಾಯಾಮವಿಲ್ಲದಿದ್ದರೆ ಇದೆಲ್ಲ ಯಾತಕ್ಕೆ? ಅಕ್ಕನ ಮುಖ ಸಣ್ಣದಾಯಿತು. ನಾನು ಬೇರೇನೂ ತೋಚದೆ ಇನ್ನೊಂದು ಕಾಫಿ ಕೇಳಿದೆ.

ಆ ವಾರವೆಲ್ಲ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಯಾವ್ಯಾವುದೋ ದೇಶದ ಲಿನಕ್ಸಿನವರ ಚರ್ಚೆಗಳನ್ನು ಓದಿದಳು. ಒಂದೇ ಬೆರಳಿನಲ್ಲಿ ಕಮಾಂಡುಗಳನ್ನು ಕುಟ್ಟಿದಳು. ಫೋನಿನಲ್ಲಿ ನಾನು ಅನುಕಂಪ ತೋರಿಸಿದರೆ ನನಗೇ ಪಾಠ: "ತಪ್ಪಾದ್ರೆ ಇದು ಬೈತದೆ ತಮ್ಮ. ಆದ್ರೆ ಯಾಕೆ ಬೈದೆ ಅಂತಲೂ ಹೇಳ್ತದೆ. ನಿನ್ನ ಭಾವ ಇಷ್ಟು ವರ್ಷದಲ್ಲಿ ಒಮ್ಮೆಯಾದರೂ ಹೇಳಿದ್ದುಂಟಾ?" ಕೊನೆಗೊಂದು ಮಧ್ಯಾಹ್ನ ಯಾವುದೋ ಡ್ರೈವರ್ ಸಾಫ್ಟ್‌ವೇರ್ ಸರಿಯಾಗಿ ಕೂತು ಚಕ್ರಕ್ಕೆ ಜೀವ ಬಂತು. ಆಫೀಸಿನಲ್ಲಿದ್ದ ನನಗೆ ಫೋನ್ ಮಾಡಿ ಕೂಗಿದಳು. "ಎಳೀತದೆ ತಮ್ಮ, ಎಳೀತದೆ!" ನಮ್ಮ ಐಟಿ ಪಾರ್ಕಿನ ಎಂಜಿನಿಯರು ಹುಡುಗರಿಗೆಲ್ಲ ನಾನು ಆ ದಿನ ಎದೆಯುಬ್ಬಿಸಿ ಹೇಳಿದೆ, ಅವಳು ನನ್ನ ಅಕ್ಕ ಎಂದು. ಕೇಳದವರಿಗೂ ಹೇಳಿದೆ.

ಎಡವಟ್ಟಾದದ್ದು ಅವಳದೇ ಆಟದಲ್ಲಿ. ಮೋಸಗಾರರನ್ನು ಹಿಡಿಯಲು ಆ ಡ್ರ್ಯಾಗನ್ ಆಟದಲ್ಲಿ ಕಣ್ಣಿಗೆ ಕಾಣದ ಒಬ್ಬ ಕಾವಲುಗಾರ ಇದ್ದಾನಂತೆ. ಲಿನಕ್ಸಿನಿಂದ ಬಂದವರನ್ನು ಅವನು ಬಾಗಿಲಿನಿಂದಲೇ ಅಟ್ಟಿಬಿಡುತ್ತಾನೆ.

"ಹಾಗಾದರೆ ನಿನ್ನ ದಂಡು?" ಎಂದು ಕೇಳಿದೆ.

"ಡ್ರ್ಯಾಗನ್ ಕುಲವನ್ನೇ ಮುಗಿಸ್ತೇನೆ ಅಂತ ನಾನೆಂತ ಹರಕೆ ಹೊತ್ತಿದ್ದೇನಾ? ಲಾರಿ ಓಡ್ತದಲ್ಲ, ಸಾಕು."

ಹೇಳಿದ್ದು ಗಟ್ಟಿಯಾಗಿಯೇ. ಆಮೇಲೆ ಮಾತ್ರ ಸುಮಾರು ಹೊತ್ತು ಕೀಬೋರ್ಡಿನ ಧೂಳು ಒರೆಸುತ್ತ ಕೂತಿದ್ದಳು.

ಭಾನುವಾರದ ರಶ್ಶಿನ ಪರೀಕ್ಷೆಗೆ ನಾನೂ ಟ್ರೈನು ಹಿಡಿದು ಹೋದೆ. ಭಾವನಿಗೆ ದೊಡ್ಡ ಲೋಡು, ಉದ್ದದ ದಾರಿ, ನಡುವೆ ತಿರುವುಗಳೇ ತುಂಬಿದ ಬೆಟ್ಟ. ಅಕ್ಕ ಪಕ್ಕದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಳು. ಭಾವ ಹೊರಟರು. ಒಂದು ತಿರುವು, ಇನ್ನೊಂದು ತಿರುವು. ಹಣೆಯಲ್ಲಿ ಬೆವರು. ಎಲ್ಲೂ ನಿಲ್ಲಲಿಲ್ಲ, ಎಲ್ಲೂ ಗುದ್ದಲಿಲ್ಲ. ಬೆಟ್ಟ ಇಳಿದು ಪೆಟ್ರೋಲ್ ಪಂಪಿನಲ್ಲಿ ನಿಲ್ಲಿಸಿದರು.

"ಹೇಗುಂಟು ಇವ್ರೆ ಹೊಸ ಭಟ್ಟರು?"

"ಲಾಯ್ಕುಂಟು. ಸ್ಟೀರಿಂಗ್ ಮಾತ್ರ ಸ್ವಲ್ಪ ಬಿಗಿ."

ಅಕ್ಕ ಮೌಸ್ ಹಿಡಿದು ಸೆಟ್ಟಿಂಗ್ ತೆರೆದಳು. ತೆರೆದವಳು ಹಾಗೇ ನಿಂತಳು. ಹೊಸದನ್ನು ಹಾಕುವ ಗಡಿಬಿಡಿಯಲ್ಲಿ ಎಳೆತವನ್ನು ಕೆಳಗಿಳಿಸುವುದನ್ನೇ ಮರೆತುಬಿಟ್ಟಿದ್ದಳು! ಅದು ಪೂರಾ ಮೇಲಿತ್ತು. ಗಟ್ಟಿಮುಟ್ಟಾದವರ ಕೈಗೆ ಎಷ್ಟು ಬೇಕೋ ಅಷ್ಟು. ಆ ಎಳೆತಕ್ಕೆ ಎದುರಾಗಿ ಭಾವ ಅಷ್ಟೂ ಬೆಟ್ಟವನ್ನು ಬಲಗೈ ಬಿಡದೆ ದಾಟಿ ಬಂದಿದ್ದರು.

"ಇವರ ಕೈ ಎಂದೋ ಗುಣ ಆಗಿತ್ತು ತಮ್ಮ" ಎಂದಳು, ನನ್ನ ಕಡೆ ತಿರುಗಿ. "ನಾನೇ ಹೆದರಿ ಇಷ್ಟು ದಿನ ಇವರನ್ನು ರೋಗಿ ಮಾಡಿ ಇಟ್ಟಿದ್ದೆ." ಆಸ್ಪತ್ರೆಯಲ್ಲಿ ಒಂದು ಹನಿ ಕಣ್ಣೀರು ಹಾಕದಿದ್ದ ನನ್ನ ಅಕ್ಕ, ಆ ಪೆಟ್ರೋಲ್ ಪಂಪಿನ ಎದುರು ನಿಂತು ಬಿಕ್ಕಿ ಬಿಕ್ಕಿ ಅತ್ತಳು.

ಅಳುತ್ತಲೇ ಅಭ್ಯಾಸಬಲದಿಂದ ಎಳೆತವನ್ನು ಇಳಿಸಲು ಹೊರಟಳು. ಮೌಸ್ ಹಿಡಿದಿದ್ದ ಅವಳ ಕೈಯ ಮೇಲೆ ಭಾವ ತಮ್ಮ ಬಲಗೈ ಇಟ್ಟು ಗಟ್ಟಿಯಾಗಿ ಹಿಡಿದರು.

"ಇರ್ಲಿ ಬಿಡು. ಅಳುದಾದ್ರೆ ಈಚೆ ಕೂತು ಅಳು ಮಾರಾಯ್ತಿ, ಪರದೆಗೆ ಅಡ್ಡ ಆಗ್ತದೆ. ಲೋಡು ಮುಟ್ಟಿಸ್ಲಿಕ್ಕೆ ಉಂಟು."

ಅಕ್ಕ ಸೆರಗಿನಿಂದ ಮುಖ ಒರೆಸಿ, ಕುರ್ಚಿ ಎಳೆದುಕೊಂಡು, ಲಾರಿಯಲ್ಲಿ ಕ್ಲೀನರ್ ಕೂರುವ ಬದಿಗೆ ಕೂತಳು.